ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ (ಜುಲೈ 17, 1837 – ಜುಲೈ 10, 1927) ಅವರು ಶಾಸನತಜ್ಞರು, ಇತಿಹಾಸಕಾರರು, ಹಳಗನ್ನಡ ಗ್ರಂಥಗಳ ಸಂಪಾದಕರು ಹಾಗೂ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದವರು. ಕನ್ನಡ ನಾಡಿನಲ್ಲಿ ಇವರನ್ನು ಶಾಸನ ಪಿತಾಮಹ ಎಂದು ಗೌರವದಿಂದ ಕರೆಯುತ್ತಾರೆ. ಮೈಸೂರು ಮತ್ತು ಕೊಡಗು ಪ್ರದೇಶಗಳ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಸಂಗ್ರಹಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹೆಸರಿನ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ್ದು ಇವರ ಜೀವಮಾನದ ಸಾಧನೆ. ಗಂಗರು, ಕದಂಬರು, ಹೊಯ್ಸಳರು ಆಳಿದ ಹಳೆಯ ರಾಜಧಾನಿಗಳಲ್ಲಿ ಕೆಲವು ಹತ್ತೊಂಬತ್ತನೆಯ ಶತಮಾನದ ವೇಳೆಗೆ ಸಾಮಾನ್ಯ ಹಳ್ಳಿಗಳಾಗಿ, ಹೆಸರು ಮಾಸಿ ಹೋಗಿದ್ದವು. ಅಂತಹ ಊರುಗಳ ಹಿಂದಿನ ಸ್ಥಾನಮಾನವನ್ನು ಅಲ್ಲಿನ ಕಲ್ಲುಗಳಿಂದಲೇ ಓದಿ ತಿಳಿಸಿದವರಲ್ಲಿ ರೈಸ್ ಅವರು ಮೊದಲಿಗರ ಸಾಲಿಗೆ ಸೇರುತ್ತಾರೆ.

ಮನೆತನ ಮತ್ತು ವಿದ್ಯಾಭ್ಯಾಸ

ರೈಸ್ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ. ಇವರ ತಂದೆ ರೆವರೆಂಡ್ ಬೆಂಜಮಿನ್ ರೈಸ್ ಅವರು ಲಂಡನ್ ಮಿಷನ್ ಸಂಸ್ಥೆಯ ಪಾದ್ರಿಗಳಾಗಿ ಆಗತಾನೇ ಬೆಂಗಳೂರಿಗೆ ಬಂದು ನೆಲಸಿದ್ದರು. ತಂದೆಯವರು ಕನ್ನಡವನ್ನು ಶ್ರದ್ಧೆಯಿಂದ ಕಲಿತು, ಆ ಭಾಷೆಯಲ್ಲಿ ನಿರರ್ಗಳವಾಗಿ ಮಾತನಾಡಬಲ್ಲವರಾಗಿದ್ದರು. ಕನ್ನಡ ಶಾಲೆಗಳನ್ನು ನಡೆಸಿ, ಮಕ್ಕಳಿಗೆ ಬೇಕಾದ ಪಠ್ಯಪುಸ್ತಕಗಳನ್ನು ಬರೆದರು. 1887ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಪೇಟೆಯ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚಿಗೆ ಹೆಸರು ಬಂದಿರುವುದು ಈ ತಂದೆಯವರಿಂದ. ಹೆಸರುಗಳಲ್ಲಿನ ಹೋಲಿಕೆಯಿಂದಾಗಿ ಅದು ಶಾಸನತಜ್ಞ ರೈಸ್ ಅವರ ಸ್ಮಾರಕವೆಂದು ತಿಳಿಯುವವರು ಇಂದಿಗೂ ಇದ್ದಾರೆ. ತಮ್ಮ ಎಡ್ವರ್ಡ್ ಪೀಟರ್ ರೈಸ್ ಅವರೂ ಕನ್ನಡ ವಿದ್ವಾಂಸರೇ. ಇಂಗ್ಲಿಷ್ ಭಾಷೆಯಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯೊಂದನ್ನು 1915ರಲ್ಲಿ ಪ್ರಕಟಿಸಿದರು. ಹೀಗೆ ಒಂದೇ ಮನೆಯ ಮೂವರು ಕನ್ನಡದ ಕೆಲಸದಲ್ಲಿ ತೊಡಗಿದ್ದುದು ಗಮನಾರ್ಹವಾದ ಸಂಗತಿ.

ಲೂಯಿಸ್ ರೈಸ್ ಅವರ ವಿದ್ಯಾಭ್ಯಾಸ ಇಂಗ್ಲೆಂಡಿನಲ್ಲಿ ನಡೆಯಿತು. ಅದು ಮುಗಿದ ಮೇಲೆ ಅವರು ಹುಟ್ಟಿದ ಊರಿಗೆ ಹಿಂದಿರುಗಿದರು. ಮುಂದೆ ನಿವೃತ್ತಿಯವರೆಗಿನ ಅವರ ಸೇವೆಯೆಲ್ಲ ಮೈಸೂರು ಸಂಸ್ಥಾನಕ್ಕೇ ಸಂದಿತು.

ವಿದ್ಯಾ ಇಲಾಖೆಯಲ್ಲಿ

1860ರಲ್ಲಿ ರೈಸ್ ಅವರು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ನೇಮಕಗೊಂಡರು. ಆಗ ಅವರ ವಯಸ್ಸು ಇಪ್ಪತ್ತಮೂರು. 1858ರಲ್ಲಿ ಆರಂಭವಾಗಿದ್ದ ಈ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. 1865ರಲ್ಲಿ ಅವರು ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಆಮೇಲೆ ಮೈಸೂರು ಮತ್ತು ಕೊಡಗಿನ ವಿದ್ಯಾ ಇಲಾಖೆಯ ನಿರ್ದೇಶಕರಾದರು.

ಆ ಕಾಲದಲ್ಲಿ ಸರ್ಕಾರದ ಶಾಲೆಗಳು ದೊಡ್ಡ ಊರುಗಳಲ್ಲಿ ಮಾತ್ರ ಇದ್ದವು. ಹಳ್ಳಿಯ ಮಕ್ಕಳಿಗೆ ಐಗಳ ಕೂಲಿಮಠವೇ ಗತಿ. ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ಕಡತದಲ್ಲಿ ಬರೆಯುವುದು, ಇಷ್ಟರಲ್ಲಿ ಕಲಿಕೆ ಮುಗಿಯುತ್ತಿತ್ತು. ಪ್ರತಿ ಹೋಬಳಿಗೂ ಒಂದು ಶಾಲೆ ಇರಬೇಕೆಂಬ ಯೋಜನೆಯನ್ನು 1868ರಲ್ಲಿ ರೈಸ್ ಅವರು ಮುಂದಿಟ್ಟರು. ಹೋಬಳಿ ಶಾಲೆಗಳೆಂದು ಹೆಸರಾದ ಇವುಗಳಲ್ಲಿ ಕಲಿಕೆ ಕನ್ನಡದಲ್ಲಿಯೇ ನಡೆಯಿತು. ಮೈಸೂರು ಸೀಮೆಯ ಗ್ರಾಮೀಣ ವಿದ್ಯಾಭ್ಯಾಸದ ಚರಿತ್ರೆ ಬರೆಯುವವರು ಈ ಯೋಜನೆಯಿಂದಲೇ ಆರಂಭಿಸಬೇಕಾಗುತ್ತದೆ. ಶಾಸನಗಳ ಕೀರ್ತಿಯ ಮುಂದೆ ಈ ಕೆಲಸ ಹಿಂದೆ ಸರಿದಿರುವುದು ನ್ಯಾಯವೆನಿಸದು.

1882ರಲ್ಲಿ ಡಬ್ಲ್ಯು. ಡಬ್ಲ್ಯು. ಹಂಟರ್ ಅವರ ಅಧ್ಯಕ್ಷತೆಯಲ್ಲಿ ಭಾರತ ಸರ್ಕಾರವು ಶಿಕ್ಷಣ ಆಯೋಗವನ್ನು ನೇಮಿಸಿದಾಗ ರೈಸ್ ಅವರು ಅದರ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. 1884ರಲ್ಲಿ ಅವರಿಗೆ ಸಿ.ಐ.ಇ. ಗೌರವ ದೊರೆಯಿತು.

ತನಿಖೆಯ ದಾರಿಯಲ್ಲಿ ಕಂಡ ಕಲ್ಲುಗಳು

ಇನ್‌ಸ್ಪೆಕ್ಟರರ ಕೆಲಸವೆಂದರೆ ಸಂಚಾರ. ರೈಲು ಆಗಿನ್ನೂ ಒಳನಾಡಿಗೆ ಬಂದಿರಲಿಲ್ಲ. ಕುದುರೆಯ ಮೇಲೆ ಊರಿಂದ ಊರಿಗೆ ಹೋಗಿ ಶಾಲೆಗಳನ್ನು ನೋಡಬೇಕಾಗಿತ್ತು. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಊರಬಾಗಿಲಲ್ಲಿ, ಹೊಲದ ಬದುವಿನಲ್ಲಿ ನಿಂತ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಅವುಗಳ ಲಿಪಿಯನ್ನು ಊರಿನವರು ಓದಲಾರರು. ಪಂಡಿತರಲ್ಲಿಯೂ ಹೆಚ್ಚಿನವರಿಗೆ ಹಳೆಯ ಅಕ್ಷರಗಳ ಪರಿಚಯ ಇರಲಿಲ್ಲ. ಬರಹವುಳ್ಳ ಕಲ್ಲಿನ ಕೆಳಗೆ ನಿಧಿ ಇದೆ ಎಂಬ ನಂಬಿಕೆ ನಾಡಿನಲ್ಲೆಲ್ಲ ಇತ್ತು. ಆ ನಂಬಿಕೆಯಿಂದ ಕಲ್ಲುಗಳಿಗೆ ಒದಗಿದ ಹಾನಿಯೂ ಕಡಿಮೆಯದಲ್ಲ.

ಕಲ್ಲುಗಳನ್ನು ಗಮನಿಸಿದವರಲ್ಲಿ ರೈಸ್ ಅವರು ಮೊದಲನೆಯವರಲ್ಲ. ಕರ್ನಲ್ ಕಾಲಿನ್ ಮೆಕೆಂಜಿ ಅವರು ಟಿಪ್ಪುವಿನ ಪತನದ ನಂತರ ನಡೆಸಿದ ಮೋಜಣಿಯ ಸಂದರ್ಭದಲ್ಲಿ ಶಾಸನಗಳ ಪ್ರತಿಗಳನ್ನು ಮಾಡಿಸಿದ್ದರು. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಗಳು ಸರ್ಕಾರದ ಆದೇಶದಂತೆ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಈ ಚಿತ್ರಗಳನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರಿಗೆ ಬಂತು. ಫಲವಾಗಿ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಪುಸ್ತಕ ಹೊರಬಂತು. ಛಾಯಾಚಿತ್ರದಲ್ಲಿ ಕಾಣದ ಸಾಲುಗಳು ಬಹಳ. ಕಲ್ಲಿನ ಬಳಿಗೇ ಹೋಗಿ ಪ್ರತಿ ಮಾಡಬೇಕು, ಒಂದು ಊರನ್ನೂ ಬಿಡದೆ ನೋಡಬೇಕು ಎಂಬ ಕ್ರಮಕ್ಕೆ ಈ ಅನುಭವವೇ ಹಿನ್ನೆಲೆಯಾಯಿತು.

ಗೆಜೆಟಿಯರ್ ಮತ್ತು ಜನಗಣತಿ

ಭಾರತ ಸರ್ಕಾರದ ಅಪೇಕ್ಷೆಯಂತೆ ರೈಸ್ ಅವರು ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು ರಚಿಸಿದರು. ಮೂರು ಸಂಪುಟಗಳ ಈ ಕೃತಿ 1876ರಿಂದ ಮೊದಲುಗೊಂಡು ಪ್ರಕಟವಾಯಿತು. ಮೈಸೂರಿಗೆ ಸಂಬಂಧಿಸಿದ ಭಾಗವನ್ನು ಪರಿಷ್ಕರಿಸಿ 1897ರಲ್ಲಿ ಎರಡು ಸಂಪುಟಗಳಾಗಿ ಮತ್ತೆ ಹೊರತಂದರು. ನದಿ, ಬೆಟ್ಟ, ಮಳೆ, ಬೆಳೆ, ಕೆರೆಗಳು, ಕಸುಬುಗಳು, ಜಾತಿಗಳು, ಹಬ್ಬಗಳು, ಅಳತೆ ತೂಕಗಳು, ನಾಣ್ಯಗಳು, ಕಂದಾಯದ ವ್ಯವಸ್ಥೆ, ತಾಲ್ಲೂಕುಗಳ ವಿವರ ಇವೆಲ್ಲವೂ ಅದರಲ್ಲಿವೆ. ಒಂದು ಊರಿನ ಸಂತೆಯ ದಿನ, ಜಾತ್ರೆಗೆ ಸೇರುವ ಜನ, ಅಲ್ಲಿ ನೇಯುವ ಬಟ್ಟೆ, ಹಿಂದೆ ಅಲ್ಲಿ ಆಳಿದ ಪಾಳೆಯಗಾರ ಈ ಬಗೆಯ ಸಂಗತಿಗಳು ಒಂದೆಡೆ ದೊರೆಯುವುದರಿಂದ ಈ ಗ್ರಂಥ ಇಂದಿಗೂ ಉಪಯುಕ್ತವಾಗಿದೆ. ಆಡಳಿತಗಾರರಿಗಾಗಿ ಬರೆದ ಪುಸ್ತಕವಾದ್ದರಿಂದ ಜನರ ವರ್ಣನೆಯಲ್ಲಿ ಹೊರಗಿನವರ ದೃಷ್ಟಿ ಅಲ್ಲಲ್ಲಿ ಕಾಣುತ್ತದೆ. ಜಾತಿಗಳನ್ನು ಕುರಿತ ಪುಟಗಳನ್ನು ಓದುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಗೆಜೆಟಿಯರ್ ಅಚ್ಚಾಗುತ್ತಿದ್ದ ವರ್ಷಗಳಲ್ಲಿಯೇ 1876–78ರ ಮಹಾಕ್ಷಾಮ ಮೈಸೂರು ಸೀಮೆಯನ್ನು ಧ್ವಂಸ ಮಾಡಿತು. 1881ರ ಮೈಸೂರಿನ ಜನಗಣತಿಯ ಹೊಣೆಯೂ ರೈಸ್ ಅವರದೇ ಆಗಿತ್ತು. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ಅದೇ ವರ್ಷದ ಮಾರ್ಚಿನಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದರು. ಹತ್ತನೆಯ ಚಾಮರಾಜ ಒಡೆಯರ ಸರ್ಕಾರದ ಪಾಲಿಗೆ ಬಂದ ನಾಡು ಎಂತಹ ಸ್ಥಿತಿಯಲ್ಲಿತ್ತು ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕು.

ಎಪಿಗ್ರಾಫಿಯಾ ಕರ್ನಾಟಿಕಾ

1885ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪುರಾತತ್ವ ಇಲಾಖೆ ಆರಂಭವಾಯಿತು. ಮೊದಲಿಗೆ ರೈಸ್ ಅವರು ಇತರ ಕೆಲಸಗಳ ಜೊತೆಗೆ ಇದನ್ನೂ ನೋಡಿಕೊಳ್ಳುತ್ತಿದ್ದರು. 1890ರಿಂದ ಪೂರ್ಣಾವಧಿಯ ನಿರ್ದೇಶಕರಾದರು. 1906ರಲ್ಲಿ ನಿವೃತ್ತರಾಗುವವರೆಗೆ ಈ ಕೆಲಸದಲ್ಲಿಯೇ ಇದ್ದರು.

ಮೊದಲ ಸಂಪುಟ ಕೊಡಗಿನ ಶಾಸನಗಳದು (1886). ಎರಡನೆಯದು ಶ್ರವಣಬೆಳಗೊಳದ್ದು (1889). ನಂತರ ಮೈಸೂರು, ಹಾಸನ, ಕಡೂರು, ಶಿವಮೊಗ್ಗ, ಬೆಂಗಳೂರು, ಕೋಲಾರ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಸಂಪುಟಗಳು ಬಂದವು. 1901ರಿಂದ 1905ರವರೆಗಿನ ಐದು ವರ್ಷಗಳಲ್ಲಿ ಎಂಟು ಸಂಪುಟಗಳು ಪ್ರಕಟವಾದವು. ಪ್ರತಿ ಸಂಪುಟದಲ್ಲಿಯೂ ವಿಸ್ತಾರವಾದ ಪೀಠಿಕೆ, ಶಾಸನಗಳ ಮೂಲಪಾಠ ಕನ್ನಡ ಲಿಪಿಯಲ್ಲಿ, ಅದೇ ಪಾಠ ರೋಮನ್ ಲಿಪಿಯಲ್ಲಿ, ಮತ್ತು ಇಂಗ್ಲಿಷ್ ಅನುವಾದ ಇರುತ್ತವೆ. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಕ್ರಮಸಂಖ್ಯೆ ಕೊಟ್ಟಿರುವುದರಿಂದ ಯಾವ ಕಲ್ಲು ಯಾವ ಊರಿನದು, ಗುಡಿಯ ಯಾವ ಭಾಗದಲ್ಲಿದೆ ಎಂಬುದು ತಕ್ಷಣ ತಿಳಿಯುತ್ತದೆ. ಶಿಕಾರಿಪುರದ ಇಷ್ಟನೆಯದು, ನೆಲಮಂಗಲದ ಇಷ್ಟನೆಯದು ಎಂದು ಹೆಸರಿಸುವ ಈ ಪದ್ಧತಿ ವಿದ್ವಾಂಸರ ಬಳಕೆಯಲ್ಲಿ ಇಂದಿಗೂ ಉಳಿದಿದೆ.

ಇಷ್ಟೊಂದು ಕೆಲಸ ಒಬ್ಬರ ಕೈಯಿಂದ ಆಗುವಂಥದ್ದಲ್ಲ. ಹಳ್ಳಿ ಹಳ್ಳಿ ಸುತ್ತಿ, ಪಾಚಿ ಕೆರೆದು, ಅಕ್ಷರ ಬಿಡಿಸಿ ಪ್ರತಿ ಮಾಡಿ ತಂದವರು ಇಲಾಖೆಯ ಪಂಡಿತರು ಮತ್ತು ನಕಲುಗಾರರು. ಇವರಲ್ಲಿ ಆರ್. ನರಸಿಂಹಾಚಾರ್ ಅವರ ಹೆಸರು ಮುಖ್ಯವಾದುದು. ರೈಸ್ ಅವರ ಸಹಾಯಕರಾಗಿ ಸೇರಿದ ನರಸಿಂಹಾಚಾರ್ ಅವರು 1906ರಲ್ಲಿ ಅವರ ಸ್ಥಾನಕ್ಕೆ ಬಂದರು. ‘ಕರ್ಣಾಟಕ ಕವಿಚರಿತೆ’ಯನ್ನು ಬರೆದವರೂ ಅವರೇ.

ಹಳೆಯ ರಾಜಧಾನಿಗಳು

ರೈಸ್ ಅವರ ಶಾಸನ ಸಂಗ್ರಹದಿಂದ ನಾಡಿನ ಭೂಗೋಳವೇ ಬದಲಾಯಿತೆಂದರೆ ತಪ್ಪಾಗದು. ಶಾಸನಗಳಲ್ಲಿ ಬರುವ ರಾಜಧಾನಿಗಳ ಹೆಸರುಗಳನ್ನು ಈಗಿನ ಊರುಗಳೊಂದಿಗೆ ಹೊಂದಿಸಿ ನೋಡುವುದು ಅವರ ಅಧ್ಯಯನದ ಒಂದು ಮುಖ್ಯ ಭಾಗವಾಗಿತ್ತು.

ಗಂಗರ ಕುವಲಾಲಪುರ ಈಗಿನ ಕೋಲಾರ. ಅವರ ಎರಡನೆಯ ರಾಜಧಾನಿ ತಲಕಾಡು. ಕಾವೇರಿಯ ದಂಡೆಯ ಆ ಊರಿನ ದೇವಾಲಯಗಳು ಮರಳಿನ ದಿಬ್ಬಗಳಡಿಯಲ್ಲಿ ಹೂತುಹೋಗಿದ್ದವು. ಗಂಗರ ಅರಸರು ಎಂಟನೆಯ ಶತಮಾನದಲ್ಲಿ ವಾಸವಾಗಿದ್ದ ಮಾನ್ಯಪುರವನ್ನು ರೈಸ್ ಅವರು ನೆಲಮಂಗಲ ತಾಲ್ಲೂಕಿನ ಮಣ್ಣೆಯೆಂದು ಗುರುತಿಸಿದರು. ಅಲ್ಲಿ ದೊರೆತ 797ರ ತಾಮ್ರಪಟದಲ್ಲಿ, ಗಂಗರ ಸೇನಾಪತಿ ಶ್ರೀವಿಜಯನು ಮಾನ್ಯಪುರದಲ್ಲಿ ಜಿನಾಲಯವೊಂದನ್ನು ಕಟ್ಟಿಸಿದ ವಿಷಯ ಬರುತ್ತದೆ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಮಲೆನಾಡಿನ ಸಣ್ಣ ಊರು ಎಂಬುದನ್ನೂ ಅವರು ತೋರಿಸಿದರು. ಅಲ್ಲಿಂದ ಬೇಲೂರು, ಬೇಲೂರಿನಿಂದ ದೋರಸಮುದ್ರ ಎಂಬ ಹೊಯ್ಸಳರ ದಾರಿ ಹೀಗೆ ಸ್ಪಷ್ಟವಾಯಿತು. ದೋರಸಮುದ್ರದ ಈಗಿನ ಹೆಸರಾದ ಹಳೇಬೀಡು ಎಂಬುದರ ಅರ್ಥವೇ ಹಳೆಯ ರಾಜಧಾನಿ.

ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿರುವ ವಿದ್ಯಾರ್ಥಿಗಳಿಗೆ ಇವುಗಳಲ್ಲಿ ಮಣ್ಣೆ ಬಹಳ ಹತ್ತಿರ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆಯಿಂದ ತುಮಕೂರು ರಸ್ತೆ ಹಿಡಿದು, ನೆಲಮಂಗಲ ದಾಟಿ ತ್ಯಾಮಗೊಂಡ್ಲು ಕಡೆಗೆ ಹೋದರೆ ಒಂದೇ ದಿನದಲ್ಲಿ ನೋಡಿ ಬರಬಹುದು. ರಾಗಿ ಹೊಲಗಳ ನಡುವೆ ಗಂಗರ ಕಾಲದ ಕಪಿಲೇಶ್ವರ ಗುಡಿ ನಿಂತಿದೆ. ಅರಮನೆ ಇದ್ದೆಡೆ ಯಾವುದೆಂದು ಹೇಳುವ ಕುರುಹು ನೆಲದ ಮೇಲೆ ಕಾಣುವುದಿಲ್ಲ. ಒಂಬತ್ತನೆಯ ಸಂಪುಟದ ನೆಲಮಂಗಲ ಭಾಗವನ್ನು ಜೊತೆಗೆ ಕೊಂಡೊಯ್ದವರಿಗೆ ಊರು ಬೇರೆಯಾಗಿಯೇ ಕಾಣುವುದು.

ಶಿವಮೊಗ್ಗ ಜಿಲ್ಲೆಯ ಸಂಪುಟಗಳು ವಿಶೇಷವಾಗಿ ಸಮೃದ್ಧವಾದವು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ಪ್ರಾಂತ್ಯದ ರಾಜಧಾನಿ. ಅಲ್ಲಿನ ಕೇದಾರೇಶ್ವರ ದೇವಾಲಯದ 1162ರ ಶಾಸನ ಕೋಡಿಯ ಮಠವನ್ನು ವರ್ಣಿಸುತ್ತದೆ. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ದರ್ಶನಗಳು, ಪುರಾಣಗಳು, ಕಾವ್ಯ ನಾಟಕಗಳು ಅಲ್ಲಿ ಅಧ್ಯಯನದ ವಿಷಯಗಳಾಗಿದ್ದವು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತು. ಗಾಯಕರು, ನರ್ತಕರು, ಜೈನ ಕ್ಷಪಣಕರು ಸೇರಿದಂತೆ ಬಂದವರಿಗೆಲ್ಲ ಊಟವಿತ್ತು. ರೋಗಿಗಳಿಗೆ ಚಿಕಿತ್ಸೆ ಇತ್ತು. ಹೋಬಳಿಗೊಂದು ಶಾಲೆ ಬೇಕೆಂದು ಸರ್ಕಾರಕ್ಕೆ ಬರೆದಿದ್ದ ಅಧಿಕಾರಿಯೇ, ಏಳು ನೂರು ವರ್ಷಗಳ ಹಿಂದಿನ ವಿದ್ಯಾಕೇಂದ್ರವೊಂದರ ಈ ವಿವರವನ್ನು ಲೋಕಕ್ಕೆ ತಿಳಿಸಿದ್ದು ಉಲ್ಲೇಖಾರ್ಹ.

ಬಳ್ಳಿಗಾವಿಗೆ ಸಮೀಪದ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲಿರುವ ಸಂಸ್ಕೃತ ಶಾಸನವನ್ನು ಬೆಳಕಿಗೆ ತಂದವರೂ ರೈಸ್ ಅವರು. ಐದನೆಯ ಶತಮಾನದ ಈ ಶಾಸನವನ್ನು ಬರೆದ ಕವಿಯ ಹೆಸರು ಕುಬ್ಜ. ಕದಂಬ ವಂಶದ ಸ್ಥಾಪಕನಾದ ಮಯೂರಶರ್ಮನು ಗುರು ವೀರಶರ್ಮನೊಂದಿಗೆ ವಿದ್ಯಾಭ್ಯಾಸಕ್ಕಾಗಿ ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಂದಿಗೆ ಜಗಳವಾಗಿ ಅವಮಾನಿತನಾದದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ಶ್ರೀಪರ್ವತದ ಕಾಡುಗಳನ್ನು ಸೇರಿದ್ದು, ಕೊನೆಗೆ ಪಲ್ಲವರೇ ಅವನ ಅಧಿಕಾರವನ್ನು ಒಪ್ಪಿಕೊಂಡದ್ದು ಇದರಲ್ಲಿ ಬರುವ ಕಥೆ. ಬನವಾಸಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಕದಂಬರ ಆರಂಭಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇರೊಂದಿಲ್ಲ. ಇಂದು ಶಾಲಾ ಪಠ್ಯಪುಸ್ತಕಗಳಲ್ಲಿ ಮಕ್ಕಳು ಓದುವ ಮಯೂರಶರ್ಮನ ಪಾಠ ಬಂದಿರುವುದು ಈ ಕಂಬದಿಂದ.

ಅಶೋಕನ ಶಾಸನಗಳ ಶೋಧ

1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ರೈಸ್ ಅವರಿಗೆ ಮೂರು ಅಶೋಕ ಶಾಸನಗಳು ದೊರೆತವು. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರ ಇವುಗಳಿರುವ ಸ್ಥಳಗಳು. ಮೂರೂ ಒಂದಕ್ಕೊಂದು ಸಮೀಪದಲ್ಲಿವೆ. ಬ್ರಹ್ಮಗಿರಿಯ ಬಂಡೆಯನ್ನು ಊರಿನವರು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಅದರ ಮೇಲೆ ಅಕ್ಷರಗಳಿವೆ ಎಂಬುದು ತಲೆಮಾರುಗಳಿಂದ ಗೊತ್ತಿತ್ತು, ಏನು ಬರೆದಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮೌರ್ಯರ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಹಬ್ಬಿತ್ತೆಂಬುದಕ್ಕೆ ಅಲ್ಲಿಯವರೆಗೆ ಶಾಸನದ ಆಧಾರ ಇರಲಿಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಇದು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಲಿಪಿಕಾರ ಚಪಡನು ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಅಷ್ಟು ದೂರದ ಬರಹವನ್ನು ಕಲಿತಿದ್ದವನೊಬ್ಬ ಮೊಳಕಾಲ್ಮೂರಿನ ಬೆಟ್ಟಗಳಲ್ಲಿ ಕುಳಿತು ಉಳಿ ಹಿಡಿದಿದ್ದನೆಂಬುದು ಆ ಸಾಮ್ರಾಜ್ಯದ ವಿಸ್ತಾರವನ್ನು ತಿಳಿಸುತ್ತದೆ.

ಈ ಶೋಧದ ನಂತರ ಕರ್ನಾಟಕದಲ್ಲಿ ಇನ್ನೂ ಹಲವೆಡೆ ಅಶೋಕನ ಶಾಸನಗಳು ಸಿಕ್ಕವು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನೆಂಬ ಹೆಸರೇ ಕಾಣಿಸಿಕೊಂಡಿತು. ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಉತ್ಖನನ ನಡೆಸಿದರು.

ವಾದವಿವಾದಗಳು

ರೈಸ್ ಅವರ ನಿಲುವುಗಳೆಲ್ಲವನ್ನೂ ಸಮಕಾಲೀನರು ಒಪ್ಪಲಿಲ್ಲ. ಮುಂಬಯಿ ಪ್ರಾಂತ್ಯದ ಅಧಿಕಾರಿಗಳೂ ಪ್ರಸಿದ್ಧ ಶಾಸನತಜ್ಞರೂ ಆಗಿದ್ದ ಜೆ. ಎಫ್. ಫ್ಲೀಟ್ ಅವರೊಂದಿಗೆ ನಡೆದ ವಾದ ದೀರ್ಘವಾದುದು. ಗಂಗರ ತಾಮ್ರಪಟಗಳಲ್ಲಿ ಬಹುತೇಕ ಎಲ್ಲವೂ ನಂತರದ ಕಾಲದಲ್ಲಿ ಹುಟ್ಟಿಸಿದ ಕೂಟಶಾಸನಗಳು ಎಂಬುದು ಫ್ಲೀಟ್ ಅವರ ಅಭಿಪ್ರಾಯ. ಲಿಪಿ, ತಿಥಿ ವಾರಗಳ ಲೆಕ್ಕ, ಭಾಷೆ ಇವುಗಳನ್ನು ಪರೀಕ್ಷಿಸಿ ಅವರು ಒಂದೊಂದನ್ನೇ ತಳ್ಳಿಹಾಕಿದರು. ರೈಸ್ ಅವರು ಅವುಗಳನ್ನು ನಂಬಿ ಗಂಗರ ಅರಸರ ವಂಶಾವಳಿಯನ್ನು ಕಟ್ಟಿದ್ದರು. ಪಟಗಳು ಸುಳ್ಳಾದರೆ ತಲಕಾಡಿನ ಮೊದಲ ಅರಸರ ಇತಿಹಾಸವೇ ಅಳಿಸಿಹೋಗುತ್ತಿತ್ತು.

ಇಲ್ಲಿ ಇಬ್ಬರ ಪಕ್ಷದಲ್ಲಿಯೂ ಸತ್ಯವಿದ್ದಿತು. ರೈಸ್ ಅವರು ಒಪ್ಪಿಕೊಂಡಿದ್ದ ಪಟಗಳಲ್ಲಿ ಹಲವು ನಕಲಿ ಎಂಬುದನ್ನು ಇಂದಿನ ವಿದ್ವಾಂಸರು ಅಂಗೀಕರಿಸುತ್ತಾರೆ; ಅವುಗಳ ಮೇಲೆ ನಿಂತ ಅವರ ಕಾಲನಿರ್ಣಯಗಳು ಈಗ ನಿಲ್ಲುವುದಿಲ್ಲ. ಆದರೆ ಪೆನುಕೊಂಡದ ತಾಮ್ರಪಟ ದೊರೆತಾಗ, ಅದು ಗಂಗರ ನೈಜವಾದ ಪ್ರಾಚೀನ ಶಾಸನವೆಂದು ಸ್ವತಃ ಫ್ಲೀಟ್ ಅವರೇ ಒಪ್ಪಿದರು. ಗಂಗರು ಆರಂಭದ ಶತಮಾನಗಳಲ್ಲಿ ಆಳಿದ್ದು ನಿಜ ಎಂಬ ರೈಸ್ ಅವರ ಮೂಲ ನಿಲುವು ಹೀಗೆ ಉಳಿಯಿತು.

ಇನ್ನೊಂದು ವಾದ ಶ್ರವಣಬೆಳಗೊಳದ್ದು. ಮೌರ್ಯ ಚಂದ್ರಗುಪ್ತನು ಸಿಂಹಾಸನ ತ್ಯಜಿಸಿ, ಭದ್ರಬಾಹು ಮುನಿಗಳೊಂದಿಗೆ ಬೆಳಗೊಳಕ್ಕೆ ಬಂದು ಅಲ್ಲಿ ದೇಹತ್ಯಾಗ ಮಾಡಿದನೆಂಬ ಜೈನ ಪರಂಪರೆಯನ್ನು ಚಿಕ್ಕಬೆಟ್ಟದ ಶಾಸನಗಳ ಬೆಂಬಲದಿಂದ ರೈಸ್ ಅವರು ಸಮರ್ಥಿಸಿದರು. ಅಲ್ಲಿನ ಅತಿ ಹಳೆಯ ಶಾಸನ ಸುಮಾರು ಕ್ರಿ.ಶ. 600ರದು, ಮೌರ್ಯರ ಕಾಲಕ್ಕಿಂತ ಎಂಟು ಒಂಬತ್ತು ಶತಮಾನ ಈಚಿನದು ಎಂಬುದು ಫ್ಲೀಟ್ ಅವರ ಆಕ್ಷೇಪ. ವಿನ್ಸೆಂಟ್ ಸ್ಮಿತ್ ಅವರು ಮೊದಲು ಈ ಕಥೆಯನ್ನು ಒಪ್ಪದಿದ್ದರೂ ಆಮೇಲೆ ರೈಸ್ ಅವರ ಕಡೆಗೆ ವಾಲಿದರು. ಪರಂಪರೆ ಹಳೆಯದು, ಗೌರವಾರ್ಹವಾದುದು. ಶಾಸನದ ಸಾಕ್ಷ್ಯ ಮಾತ್ರ ಅದನ್ನು ಸಿದ್ಧಪಡಿಸುವಷ್ಟು ಹತ್ತಿರದ ಕಾಲದ್ದಲ್ಲ ಎಂದು ಹೇಳುವುದೇ ಸರಿಯಾಗುತ್ತದೆ.

ಸಂಪುಟಗಳ ಪಾಠಗಳಲ್ಲಿ ದೋಷಗಳಿವೆ ಎಂಬ ಟೀಕೆಯೂ ಇದೆ. ನಕಲುಗಾರರು ಕಣ್ಣಿನಿಂದ ಓದಿ ಬರೆದುಕೊಂಡ ಪ್ರತಿಗಳನ್ನು ಅವಲಂಬಿಸಿದ ಕಡೆಗಳಲ್ಲಿ ಅಕ್ಷರಗಳು ತಪ್ಪಿವೆ, ಸಾಲುಗಳು ಬಿಟ್ಟುಹೋಗಿವೆ. ಈ ಕೊರತೆಯನ್ನು ಸರಿಪಡಿಸಲು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪರಿಷ್ಕೃತ ಸಂಪುಟಗಳನ್ನು ಪ್ರಕಟಿಸುತ್ತ ಬಂದಿತು.

ಹಳಗನ್ನಡ ಗ್ರಂಥಗಳ ಪ್ರಕಟಣೆ

ಶಾಸನಗಳನ್ನು ಓದಲು ಹಳಗನ್ನಡ ಬೇಕು. ಹಳಗನ್ನಡದ ಕಾವ್ಯಗಳು ಆಗ ತಾಳೆಗರಿಗಳಲ್ಲಿಯೇ ಇದ್ದವು. ಮಠಗಳಿಂದ, ಬಸದಿಗಳಿಂದ, ಮನೆಗಳಿಂದ ಓಲೆಗ್ರಂಥಗಳನ್ನು ಹುಡುಕಿಸಿ ರೈಸ್ ಅವರು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಮುದ್ರಿಸತೊಡಗಿದರು. ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ 1884ರಲ್ಲಿ, ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ 1890ರಲ್ಲಿ ಪ್ರಕಟವಾದವು. ನಾಗಚಂದ್ರನ ‘ಪಂಪರಾಮಾಯಣ’ವೂ ಈ ಮಾಲೆಯಲ್ಲಿ ಬಂತು. 1898ರಲ್ಲಿ ಆದಿಕವಿ ಪಂಪನ ‘ಪಂಪಭಾರತ’ ಅಚ್ಚಾಯಿತು. ಅದೇ ವರ್ಷ ಕೆ. ಬಿ. ಪಾಠಕ್ ಅವರ ಸಂಪಾದಕತ್ವದಲ್ಲಿ ‘ಕವಿರಾಜಮಾರ್ಗ’ ಈ ಮಾಲೆಯ ಮೂಲಕವೇ ಹೊರಬಂತು. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಪ್ರಾಚೀನ ಗ್ರಂಥ ಮತ್ತು ಅತ್ಯಂತ ಹಿರಿಯ ಕವಿಯ ಮಹಾಕಾವ್ಯ ಒಂದೇ ವರ್ಷದಲ್ಲಿ ಓದುಗರ ಕೈಸೇರಿದವು. ಅದಕ್ಕೂ ಹಿಂದೆ, 1873ರಲ್ಲಿ, ರೈಸ್ ಅವರು ‘ಅಮರಕೋಶ’ವನ್ನು ಕನ್ನಡ ಮತ್ತು ಇಂಗ್ಲಿಷ್ ಅರ್ಥಗಳೊಂದಿಗೆ ಪ್ರಕಟಿಸಿದ್ದರು.

ನಿವೃತ್ತಿ ಮತ್ತು ನಿಧನ

1906ರಲ್ಲಿ ನಿವೃತ್ತರಾದ ರೈಸ್ ಅವರು ಇಂಗ್ಲೆಂಡಿಗೆ ಹೋಗಿ ಹ್ಯಾರೋ ಎಂಬಲ್ಲಿ ನೆಲಸಿದರು. ಕೆಲಸ ನಿಲ್ಲಲಿಲ್ಲ. ಜೀವಮಾನದ ಅಧ್ಯಯನವನ್ನು ಒಂದೇ ಪುಸ್ತಕದಲ್ಲಿ ಅಡಕಗೊಳಿಸಿ, ‘ಮೈಸೂರ್ ಅಂಡ್ ಕೂರ್ಗ್ ಫ್ರಂ ದಿ ಇನ್‌ಸ್ಕ್ರಿಪ್ಷನ್ಸ್’ ಎಂಬ ಹೆಸರಿನಲ್ಲಿ 1909ರಲ್ಲಿ ಲಂಡನ್ನಿನಿಂದ ಪ್ರಕಟಿಸಿದರು. ಕೊಡಗಿನ ಸಂಪುಟವನ್ನು ಪರಿಷ್ಕರಿಸಿ 1914ರಲ್ಲಿ ಮತ್ತೆ ಹೊರತಂದಾಗ ಅವರಿಗೆ ಎಪ್ಪತ್ತಾರು ದಾಟಿತ್ತು. 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ ನಿಧನರಾದರು.

ಬೆಂಗಳೂರಿನ ಶಾಸನಗಳ ಇಂದಿನ ಸ್ಥಿತಿ

1905ರಲ್ಲಿ ಬಂದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಬೆಂಗಳೂರು, ನೆಲಮಂಗಲ, ಮಾಗಡಿ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್ಲು, ಚನ್ನಪಟ್ಟಣ, ಕಾನಕಾನಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಈಗ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಎನಿಸಿಕೊಂಡಿರುವ ನೆಲವೆಲ್ಲ ಆಗ ಹೊಲ, ತೋಪು, ಕೆರೆಯಂಗಳ ಮತ್ತು ಸಣ್ಣ ಹಳ್ಳಿಗಳಾಗಿತ್ತು. ಕೆಂಗೇರಿ ದೂರದ ಹೋಬಳಿ. ನಗರ ಬೆಳೆದಂತೆ ಹಳ್ಳಿಗಳು ಬಡಾವಣೆಗಳ ನಡುವೆ ಸೇರಿಹೋದವು. ರಸ್ತೆಗೆ, ಪಾಯಕ್ಕೆ, ಚರಂಡಿಯ ಹಾಸಿಗೆ ಹೋದ ಕಲ್ಲುಗಳು ಎಷ್ಟೋ. ರೈಸ್ ಅವರ ಕಾಲದಲ್ಲಿ ದಾಖಲಾದ ಬೆಂಗಳೂರಿನ ಅನೇಕ ಶಾಸನಗಳು ಈಗ ಅವು ಇದ್ದ ಸ್ಥಳದಲ್ಲಿಲ್ಲ. ಅವುಗಳಿಗೆ ಸಂಪುಟದಲ್ಲಿನ ಪಾಠವೇ ಉಳಿದಿರುವ ಏಕೈಕ ಸಾಕ್ಷಿ. ಇತ್ತೀಚಿನ ವರ್ಷಗಳಲ್ಲಿ ನಗರದ ಇತ್ತೀಚಿನ ತಲೆಮಾರಿನ ಆಸಕ್ತರು ಆ ಸಂಪುಟದ ಊರುಗಳ ಪಟ್ಟಿಯನ್ನು ಹಿಡಿದು ಓಣಿ ಓಣಿ ತಿರುಗಿ, ಉಳಿದಿರುವ ಕಲ್ಲುಗಳನ್ನು ಗುರುತಿಸಿ, ನೆರಳು ಮಾಡಿಸಿ, ಅಕ್ಷರಗಳ ಡಿಜಿಟಲ್ ಪ್ರತಿಗಳನ್ನು ತೆಗೆಯುತ್ತಿದ್ದಾರೆ.